ಕಾಣದ ಪಾಲುದಾರರನ್ನು ಮರೆತ ಲೆಕ್ಕಾಚಾರ

ಮಾಗಿಯ ಚಳಿ ಮೊದಲಾದೊಡನೆ ಬೆಂಗಳೂರಿನ ಮಾರುಕಟ್ಟೆಗಳಲ್ಲಿ ಸೊಗಡು ಅವರೆಕಾಯಿಯ ರಾಶಿ ಬೀಳುತ್ತದೆ. ಕಾಯಿ ಸುಲಿದು, ಕಾಳು ಹಿತಕಿ, ಸಾರು ಮಾಡಿ ಉಣ್ಣುವ ನಗರವಾಸಿಗಳಲ್ಲಿ ಆ ಗಿಡವನ್ನು ಬೇರುಸಹಿತ ಕಂಡವರು ವಿರಳ. ಹೂ ಬಿಡುವ ಹೊತ್ತಿನ ಅವರೆ ಗಿಡವೊಂದನ್ನು ಹಸಿ ಮಣ್ಣಿನಿಂದ ಮೆಲ್ಲಗೆ ಎಬ್ಬಿಸಿ, ಬೇರನ್ನು ನೀರಿನಲ್ಲಿ ತೊಳೆದರೆ ಅಲ್ಲಲ್ಲಿ ಅಂಟಿಕೊಂಡ ಪುಟ್ಟ ಗಂಟುಗಳು ಕಾಣುತ್ತವೆ. ಅದು ರೋಗವಲ್ಲ. ಗಂಟೊಂದನ್ನು ಉಗುರಿನಿಂದ ಸೀಳಿ ನೋಡಿ. ಒಳಗೆ ನಸುಗೆಂಪು ಬಣ್ಣವಿದ್ದರೆ ಅಲ್ಲಿ ಕೆಲಸ ಭರದಿಂದ ನಡೆಯುತ್ತಿದೆ ಎಂದರ್ಥ. ಆ ಕೆಂಪಿಗೆ ಕಾರಣವಾದ ವಸ್ತು ನಮ್ಮ ರಕ್ತದ ಹಿಮೋಗ್ಲೋಬಿನ್‌ನ ಹತ್ತಿರದ ಸಂಬಂಧಿ. ಕೆಲಸಗಾರರು ರೈಜೋಬಿಯಂ ಗುಂಪಿನ ಬ್ಯಾಕ್ಟೀರಿಯಾಗಳು. ಅವು ಮಾಡುತ್ತಿರುವ ಕೆಲಸ, ಗಾಳಿಯಿಂದ ಗೊಬ್ಬರ ತಯಾರಿಸುವುದು.

ಇದೇ ಕೆಲಸವನ್ನು ಮಾಡುವ ಕಾರ್ಖಾನೆಗಳಿಗೆ ನಾವು ಪ್ರತಿವರ್ಷ ಅಪಾರ ಹಣ, ಅನಿಲ ಮತ್ತು ವಿದೇಶಿ ವಿನಿಮಯವನ್ನು ವ್ಯಯಿಸುತ್ತೇವೆ. ಆ ಗೊಬ್ಬರ ಸಕಾಲಕ್ಕೆ ಸಿಗದಿದ್ದರೆ ಬೀದಿಗಿಳಿಯುತ್ತೇವೆ. 2008ರ ಜೂನ್‌ನಲ್ಲಿ ಹಾವೇರಿಯಲ್ಲಿ ಗೊಬ್ಬರಕ್ಕಾಗಿ ನಡೆದ ಪ್ರತಿಭಟನೆ ಪೊಲೀಸ್ ಗೋಲಿಬಾರಿನಲ್ಲಿ ಕೊನೆಗೊಂಡು ರೈತರು ಪ್ರಾಣ ಕಳೆದುಕೊಂಡದ್ದನ್ನು ಈ ನಾಡು ಮರೆತಿಲ್ಲ. 2025ರ ಮುಂಗಾರಿನಲ್ಲಿಯೂ ರಾಜ್ಯದ ಹಲವೆಡೆ ಯೂರಿಯಾ ಚೀಲಕ್ಕಾಗಿ ರೈತರು ಸರದಿಯಲ್ಲಿ ನಿಂತರು. ಕೇಂದ್ರ ಮತ್ತು ರಾಜ್ಯ ಸರ್ಕಾರಗಳು ಪರಸ್ಪರ ದೂಷಿಸಿಕೊಂಡವು. ಈ ವಾಗ್ವಾದದಲ್ಲಿ ಬೇರಿನ ಗಂಟಿನ ಮಾತು ಎಲ್ಲಿಯೂ ಕೇಳಿಬರಲಿಲ್ಲ.

ಈ ಮರೆವಿಗೆ ಒಂದು ಇತಿಹಾಸವಿದೆ. 1882ರಲ್ಲಿ ರಾಬರ್ಟ್ ಕಾಕ್ ಕ್ಷಯರೋಗಕ್ಕೆ ಕಾರಣವಾದ ಬ್ಯಾಕ್ಟೀರಿಯಾವನ್ನು ಜಗತ್ತಿಗೆ ತೋರಿಸಿದ. ಸೂಕ್ಷ್ಮಜೀವಿ ಎಂದರೆ ಶತ್ರು ಎಂಬ ತಿಳಿವಳಿಕೆ ಆ ಕಾಲದಲ್ಲಿ ಬೇರೂರಿತು. ಈ ಪಾಠದಿಂದ ಕೋಟ್ಯಂತರ ಜೀವಗಳು ಉಳಿದಿವೆ, ಅದನ್ನು ಹಗುರವಾಗಿ ಕಾಣುವಂತಿಲ್ಲ. ಆದರೆ ಅದೇ ದಶಕದಲ್ಲಿ ಇನ್ನೊಂದು ಪಾಠವೂ ಸಿದ್ಧವಾಗಿತ್ತು. ಭಿನ್ನ ಜಾತಿಯ ಜೀವಿಗಳು ಒಟ್ಟಿಗೆ ಬಾಳುವುದಕ್ಕೆ 1879ರಲ್ಲಿ ಜರ್ಮನಿಯ ಸಸ್ಯವಿಜ್ಞಾನಿ ಆಂಟನ್ ಡಿ ಬಾರಿ ‘ಸಹಜೀವನ’ ಎಂಬರ್ಥದ ಹೆಸರನ್ನು ಕೊಟ್ಟಿದ್ದ. 1880ರ ದಶಕದ ಉತ್ತರಾರ್ಧದಲ್ಲಿ ಅದೇ ದೇಶದ ಹೆಲ್‌ರೀಗೆಲ್ ಮತ್ತು ವಿಲ್‌ಫಾರ್ತ್, ದ್ವಿದಳ ಧಾನ್ಯದ ಗಿಡಗಳು ಗಾಳಿಯ ಸಾರಜನಕವನ್ನು ಬಳಸಿಕೊಳ್ಳುವುದು ಬೇರುಗಂಟಿನ ಸೂಕ್ಷ್ಮಜೀವಿಗಳ ನೆರವಿನಿಂದಲೇ ಎಂದು ಸಾಬೀತುಪಡಿಸಿದರು. 1888ರಲ್ಲಿ ಹಾಲೆಂಡಿನ ಬೈಯರಿಂಕ್ ಆ ಬ್ಯಾಕ್ಟೀರಿಯಾವನ್ನು ಬೇರ್ಪಡಿಸಿ ಬೆಳೆಸಿದ. ಎರಡು ಪಾಠಗಳೂ ಒಂದೇ ಕಾಲದವು. ಸಮಾಜ ಮೊದಲನೆಯದನ್ನು ಬಾಯಿಪಾಠ ಮಾಡಿತು, ಎರಡನೆಯದನ್ನು ಶಾಲಾ ಪಠ್ಯದ ಚಿತ್ರವೊಂದಕ್ಕೆ ಸೀಮಿತಗೊಳಿಸಿತು.

ಬೇರಿನಲ್ಲಿ ನಡೆಯುವುದೇನು ಎಂಬುದನ್ನು ಸ್ವಲ್ಪ ವಿವರವಾಗಿ ನೋಡಬೇಕು. ನಾವು ಉಸಿರಾಡುವ ಗಾಳಿಯಲ್ಲಿ ನೂರಕ್ಕೆ 78ರಷ್ಟು ಸಾರಜನಕವೇ ಇದ್ದರೂ ಯಾವ ಗಿಡವೂ ಅದನ್ನು ನೇರವಾಗಿ ಉಪಯೋಗಿಸಿಕೊಳ್ಳಲಾರದು. ಅದರ ಎರಡು ಪರಮಾಣುಗಳ ನಡುವಿನ ಬಂಧ ಅಷ್ಟು ಬಿಗಿ. ಯೂರಿಯಾ ತಯಾರಿಕೆಯ ಮೂಲದಲ್ಲಿರುವ ಹೇಬರ್-ಬಾಷ್ ವಿಧಾನದಲ್ಲಿ ಆ ಬಂಧವನ್ನು ಮುರಿಯಲು 400 ಡಿಗ್ರಿಗೂ ಮಿಕ್ಕಿದ ಉಷ್ಣಾಂಶ ಮತ್ತು ವಾತಾವರಣದ ನೂರಾರು ಪಟ್ಟು ಒತ್ತಡ ಬೇಕು. ಬೇರುಗಂಟಿನ ಬ್ಯಾಕ್ಟೀರಿಯಾ ಇದನ್ನು ಹೊಲದ ಮಣ್ಣಿನ ಉಷ್ಣಾಂಶದಲ್ಲೇ ಸಾಧಿಸುತ್ತದೆ. ಅದಕ್ಕೆ ನೆರವಾಗುವ ಕಿಣ್ವ ಆಮ್ಲಜನಕ ತಗುಲಿದರೆ ಕೆಡುತ್ತದೆ. ಆದರೆ ಬ್ಯಾಕ್ಟೀರಿಯಾದ ಉಸಿರಾಟಕ್ಕೆ ಆಮ್ಲಜನಕವೂ ಬೇಕು. ಈ ಇಕ್ಕಟ್ಟನ್ನು ಬಿಡಿಸುವುದೇ ಗಂಟಿನೊಳಗಿನ ಕೆಂಪು ವಸ್ತು. ಅದು ಆಮ್ಲಜನಕವನ್ನು ಹಿಡಿದಿಟ್ಟುಕೊಂಡು ಅಳೆದು ಅಳೆದು ಬಡಿಸುತ್ತದೆ.

ಇದು ದಾನಧರ್ಮವಲ್ಲ, ವ್ಯಾಪಾರ. ಗಿಡ ಬೇರಿನಿಂದ ರಾಸಾಯನಿಕ ಸಂಕೇತ ಹೊರಡಿಸಿ ಬ್ಯಾಕ್ಟೀರಿಯಾವನ್ನು ಕರೆಯುತ್ತದೆ. ಬ್ಯಾಕ್ಟೀರಿಯಾ ತನ್ನ ಗುರುತಿನ ಸಂಕೇತವನ್ನು ಮರಳಿಸಿದ ಮೇಲಷ್ಟೇ ಒಳಗೆ ಪ್ರವೇಶ. ಪ್ರತಿ ಗ್ರಾಂ ಸಾರಜನಕಕ್ಕೆ ಗಿಡ ಹಲವು ಗ್ರಾಂ ಇಂಗಾಲವನ್ನು ಸಕ್ಕರೆಯ ರೂಪದಲ್ಲಿ ತೆರುತ್ತದೆ. ದುಡಿಯದವರಿಗೆ ಶಿಕ್ಷೆಯೂ ಉಂಟು. 2003ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಅಮೆರಿಕದ ವಿಜ್ಞಾನಿಗಳಾದ ಟೋಬಿ ಕೀರ್ಸ್ ಮತ್ತು ಸಂಗಡಿಗರು, ಸೋಯಾ ಗಿಡದ ಬೇರುಗಂಟುಗಳಿಗೆ ಸಾರಜನಕವೇ ಇಲ್ಲದ ಗಾಳಿಯನ್ನು ಒದಗಿಸಿದರು. ಬ್ಯಾಕ್ಟೀರಿಯಾಗಳು ಬಯಸಿದರೂ ಕೆಲಸ ಮಾಡಲಾಗದ ಸ್ಥಿತಿ ಅದು. ಗಿಡ ಆ ಗಂಟುಗಳಿಗೆ ಆಮ್ಲಜನಕದ ಪೂರೈಕೆಯನ್ನು ಕಡಿತಗೊಳಿಸಿತು, ಒಳಗಿದ್ದ ಬ್ಯಾಕ್ಟೀರಿಯಾಗಳ ಸಂತತಿ ಕುಗ್ಗಿತು.

ಈ ಲೆಕ್ಕಾಚಾರದಲ್ಲೇ ನಮ್ಮ ಕೃಷಿನೀತಿಯ ದೋಷವೂ ಅಡಗಿದೆ. ಮಣ್ಣಿನಲ್ಲಿ ಸಾರಜನಕ ಅಗ್ಗವಾಗಿ, ಹೇರಳವಾಗಿ ದೊರೆತರೆ ಗಿಡ ದುಬಾರಿ ಪಾಲುದಾರನನ್ನು ಏಕೆ ಸಾಕಬೇಕು? ಯೂರಿಯಾ ಧಾರಾಳವಾಗಿ ಬಿದ್ದ ಹೊಲದಲ್ಲಿ ದ್ವಿದಳ ಬೆಳೆಯ ಬೇರುಗಂಟುಗಳು ಕಡಿಮೆಯಾಗುತ್ತವೆ, ಇದ್ದವೂ ಸೋಮಾರಿಗಳಾಗುತ್ತವೆ. 2010ರಲ್ಲಿ ಪೋಷಕಾಂಶ ಆಧಾರಿತ ಸಹಾಯಧನ ಪದ್ಧತಿ ಜಾರಿಗೆ ಬಂದಾಗ ಯೂರಿಯಾವನ್ನು ಅದರಿಂದ ಹೊರಗಿಡಲಾಯಿತು. ರಂಜಕ, ಪೊಟ್ಯಾಷ್ ಗೊಬ್ಬರಗಳ ಬೆಲೆ ಏರಿತು. ಯೂರಿಯಾ ಮಾತ್ರ ಸರ್ಕಾರ ನಿಗದಿಪಡಿಸಿದ ಬೆಲೆಯಲ್ಲೇ ಉಳಿಯಿತು. 2018ರಲ್ಲಿ 45 ಕಿಲೋ ಚೀಲಕ್ಕೆ, ತೆರಿಗೆ ಮತ್ತು ಬೇವು ಲೇಪನದ ಶುಲ್ಕ ಹೊರತುಪಡಿಸಿ, 242 ರೂಪಾಯಿ ಎಂದು ಗೊತ್ತುಮಾಡಿದ ಬೆಲೆ ವರ್ಷಗಟ್ಟಲೆ ಕದಲಲಿಲ್ಲ. ಅಗ್ಗದ್ದನ್ನೇ ಹೆಚ್ಚು ಸುರಿಯುವುದು ರೈತನ ತಪ್ಪಲ್ಲ. ಬೆಲೆಯೇ ಅವನಿಗೆ ಹಾಗೆ ಮಾಡೆಂದು ಹೇಳುತ್ತಿದೆ.

ಅದಕ್ಕೆ ಪ್ರತಿಯಾಗಿ, ದ್ವಿದಳ ಬೆಳೆ ತಂದುಕೊಡುವ ಸಾರಜನಕಕ್ಕೆ ಯಾವ ಕಡತದಲ್ಲಿಯೂ ಬೆಲೆಯಿಲ್ಲ. ಒಂದು ಚೀಲ ಯೂರಿಯಾದಲ್ಲಿರುವುದು ಸುಮಾರು 20 ಕಿಲೋ ಸಾರಜನಕ. ತಳಿ, ಮಣ್ಣು ಮತ್ತು ಮಳೆಯನ್ನು ಅವಲಂಬಿಸಿ ಒಂದು ಹೆಕ್ಟೇರ್ ದ್ವಿದಳ ಬೆಳೆ ಹಲವು ಹತ್ತು ಕಿಲೋಗಳಿಂದ ಹಿಡಿದು ನೂರು ಕಿಲೋ ಮೀರಿಯೂ ಸಾರಜನಕವನ್ನು ಗಾಳಿಯಿಂದ ಸೆಳೆಯಬಲ್ಲದು. ಇದರಲ್ಲಿ ಬಹುಪಾಲು ಕಾಳಿನೊಂದಿಗೆ ಹೊಲದಿಂದ ಹೊರಗೆ ಹೋಗುತ್ತದೆ ಎಂಬುದನ್ನೂ ಪ್ರಾಮಾಣಿಕವಾಗಿ ಹೇಳಬೇಕು. ಬೇರು, ಎಲೆ, ಹೊಟ್ಟುಗಳನ್ನು ಮಣ್ಣಿಗೆ ಮರಳಿಸಿದಷ್ಟೂ ಮುಂದಿನ ಬೆಳೆಗೆ ಲಾಭ. ಹಳೆಯ ಮೈಸೂರು ಪ್ರಾಂತ್ಯದ ರಾಗಿ ಹೊಲಗಳಲ್ಲಿ ಅವರೆ, ತೊಗರಿ, ಅಲಸಂದೆ, ಹುಚ್ಚೆಳ್ಳುಗಳನ್ನು ಅಕ್ಕಡಿ ಸಾಲುಗಳಾಗಿ ಬಿತ್ತುತ್ತಿದ್ದ ಹಿರಿಯರಿಗೆ ಬ್ಯಾಕ್ಟೀರಿಯಾದ ಹೆಸರು ತಿಳಿದಿರಲಿಲ್ಲ. ಆದರೆ ಕಾಳಿನ ಬೆಳೆ ಬಂದುಹೋದ ನೆಲದಲ್ಲಿ ಮರುವರ್ಷದ ಪೈರು ಕಪ್ಪಗೆ ಬರುವುದನ್ನು ಅವರು ಕಣ್ಣಾರೆ ಕಂಡಿದ್ದರು.

ಅವರೆ ಗಿಡವನ್ನು ಬಿಟ್ಟು ಮುಂದಕ್ಕೆ ಹೋಗುವ ಮುನ್ನ ಅದರ ಕುಡಿಯತ್ತ ಒಮ್ಮೆ ನೋಡಬಹುದು. ಎಳೆಯ ಕುಡಿಗೆ ಮುತ್ತಿಕೊಂಡ ಕಪ್ಪು ಸಸ್ಯಹೇನುಗಳು ರೈತನಿಗೆ ಶತ್ರುಗಳೇ. ಆದರೆ ಈ ಶತ್ರುವೂ ಒಂಟಿಯಲ್ಲ. ಗಿಡದ ರಸದಲ್ಲಿ ಸಕ್ಕರೆ ಯಥೇಚ್ಛವಾಗಿದ್ದರೂ ಅತ್ಯಗತ್ಯ ಅಮೈನೋ ಆಮ್ಲಗಳ ಕೊರತೆಯಿದೆ. ಅವನ್ನು ಹೇನಿಗೆ ಒದಗಿಸುವುದು ಅದರ ಮೈಯೊಳಗಿನ ವಿಶೇಷ ಕೋಶಗಳಲ್ಲಿ ನೆಲೆಸಿರುವ ಬುಕ್ನೇರಾ ಎಂಬ ಬ್ಯಾಕ್ಟೀರಿಯಾ. ತಾಯಿಯಿಂದ ಮರಿಗೆ ಸಾಗುತ್ತ ಬಂದಿರುವ ಈ ನಂಟಿಗೆ ಹತ್ತಾರು ಕೋಟಿ ವರ್ಷಗಳ ವಯಸ್ಸು. ಪ್ರತಿಜೀವಕ ಔಷಧ ಕೊಟ್ಟು ಬುಕ್ನೇರಾವನ್ನು ನಾಶಪಡಿಸಿದರೆ ಹೇನು ಕುಬ್ಜವಾಗುತ್ತದೆ, ಬಂಜೆಯಾಗುತ್ತದೆ.

ಕಾಳು ಬಿಡಿಸಿದ ಮೇಲೆ ಉಳಿಯುವ ಹೊಟ್ಟು ಮತ್ತು ಬಳ್ಳಿ ಕೊಟ್ಟಿಗೆಗೆ ಹೋಗುತ್ತದೆ. ಹುಲ್ಲು ತಿಂದು ಹಾಲು ಕೊಡುವ ಹಸುವನ್ನು ನಾವು ಕೊಂಡಾಡುತ್ತೇವೆ. ವಾಸ್ತವವಾಗಿ ಹುಲ್ಲಿನ ನಾರನ್ನು ಕರಗಿಸುವ ಕಿಣ್ವ ಹಸುವಿನ ಬಳಿ ಇಲ್ಲ. ನಾಲ್ಕು ಕೋಣೆಗಳ ಹೊಟ್ಟೆಯಲ್ಲಿ ಮೊದಲನೆಯದಾದ ರೂಮೆನ್ ನೂರು ಲೀಟರಿಗೂ ಮಿಕ್ಕಿ ಹಿಡಿಯುವ ಹುದುಗಿನ ತೊಟ್ಟಿ. ಅಲ್ಲಿರುವ ಬ್ಯಾಕ್ಟೀರಿಯಾ, ಏಕಕೋಶಜೀವಿ ಮತ್ತು ಶಿಲೀಂಧ್ರಗಳು ನಾರನ್ನು ಒಡೆದು ಬಿಡುಗಡೆ ಮಾಡುವ ಆಮ್ಲಗಳೇ ಹಸುವಿನ ಶಕ್ತಿಯ ಮುಖ್ಯ ಮೂಲ. ಮುಂದಿನ ಕೋಣೆಗೆ ಹರಿದುಹೋಗುವ ಆ ಸೂಕ್ಷ್ಮಜೀವಿಗಳೇ ಅದಕ್ಕೆ ಪ್ರೋಟೀನ್ ಆಗುತ್ತವೆ. ಹಸುವನ್ನು ಸಾಕುವುದೆಂದರೆ ಈ ತೊಟ್ಟಿಯನ್ನು ಸಾಕುವುದು ಎಂದೇ ಅರ್ಥ.

ಇದನ್ನು ಮರೆತಾಗ ಆಗುವ ಅನಾಹುತ ಹಳ್ಳಿಗಾಡಿನ ಪಶುವೈದ್ಯರಿಗೆ ಚೆನ್ನಾಗಿ ಗೊತ್ತು. ಹಬ್ಬ ಅಥವಾ ಮದುವೆಯ ಮಾರನೆಯ ದಿನ, ಉಳಿದ ಅನ್ನ ಪಾಯಸಗಳನ್ನು ಭಕ್ತಿಯಿಂದಲೇ ಹಸುವಿನ ಮುಂದೆ ಸುರಿಯಲಾಗುತ್ತದೆ. ಪಿಷ್ಟ ಮತ್ತು ಸಕ್ಕರೆ ಒಮ್ಮೆಲೇ ಬಂದು ಬಿದ್ದಾಗ ನಾರು ಕರಗಿಸುವ ಜೀವಿಗಳು ಹಿಂದೆ ಸರಿದು ಲ್ಯಾಕ್ಟಿಕ್ ಆಮ್ಲ ತಯಾರಿಸುವವು ಮೇಲುಗೈ ಪಡೆಯುತ್ತವೆ. ಹೊಟ್ಟೆ ಹುಳಿಯಾಗಿ, ಮೆಲುಕು ನಿಂತು, ಚಿಕಿತ್ಸೆ ತಡವಾದರೆ ಹಸು ಸಾಯುತ್ತದೆ. ಆರೋಗ್ಯವಂತ ಹಸುವಿನ ರೂಮೆನ್ ದ್ರವವನ್ನು ತೆಗೆದು ರೋಗಗ್ರಸ್ತ ಹಸುವಿಗೆ ಕುಡಿಸುವುದು ಪಶುವೈದ್ಯದ ಹಳೆಯ ಉಪಾಯಗಳಲ್ಲೊಂದು. ಕಳೆದುಹೋದ ಪಾಲುದಾರರನ್ನು ಮರಳಿ ತರುವ ಮಾರ್ಗ ಅದು.

ಇಂಥ ಉಪಾಯದ ಸ್ವಾರಸ್ಯಕರ ನಿದರ್ಶನವೊಂದು ಆಸ್ಟ್ರೇಲಿಯಾದ್ದು. ನಮ್ಮಲ್ಲಿಯೂ ಬದುಗಳ ಮೇಲೆ ಬೆಳೆಯುವ ಸುಬಾಬುಲ್ ಮರದ ಎಲೆ ಪ್ರೋಟೀನ್‌ಭರಿತ ಮೇವು. ಆದರೆ ಅದರಲ್ಲಿರುವ ಮಿಮೋಸಿನ್ ಎಂಬ ವಿಷದಿಂದ ಆಸ್ಟ್ರೇಲಿಯಾದ ದನಗಳ ಕೂದಲು ಉದುರುತ್ತಿತ್ತು, ಥೈರಾಯ್ಡ್ ಗ್ರಂಥಿ ಊದಿಕೊಳ್ಳುತ್ತಿತ್ತು. ಹವಾಯಿಯ ಆಡುಗಳು ಅದೇ ಎಲೆಯನ್ನು ತಿಂದು ಸುಖವಾಗಿದ್ದವು. ರೇಮಂಡ್ ಜೋನ್ಸ್ ಎಂಬ ವಿಜ್ಞಾನಿ ಇದಕ್ಕೆ ಆಡಿನ ತಳಿ ಕಾರಣವಲ್ಲ, ಅದರ ರೂಮೆನ್‌ನಲ್ಲಿರುವ ಸೂಕ್ಷ್ಮಜೀವಿ ಕಾರಣ ಎಂದು ಊಹಿಸಿದ. 1980ರ ದಶಕದಲ್ಲಿ ಹವಾಯಿಯ ಆಡಿನ ಹೊಟ್ಟೆಯ ಬ್ಯಾಕ್ಟೀರಿಯಾಗಳನ್ನು ಆಸ್ಟ್ರೇಲಿಯಾದ ದನಗಳಿಗೆ ವರ್ಗಾಯಿಸಿದಾಗ ಸಮಸ್ಯೆ ಪರಿಹಾರವಾಯಿತು. ವಿಷವನ್ನು ಒಡೆಯುವ ಆ ಬ್ಯಾಕ್ಟೀರಿಯಾಕ್ಕೆ 1992ರಲ್ಲಿ ಜೋನ್ಸ್‌ನ ಹೆಸರನ್ನೇ ಇಡಲಾಯಿತು.

ಕೊನೆಯದಾಗಿ, ಕಾಳು ನಮ್ಮ ತಟ್ಟೆಗೆ ಬರುತ್ತದೆ. ಅವರೆಕಾಳಿನ ಸಾರು ಉಂಡ ಮೇಲೆ ಹೊಟ್ಟೆಯಲ್ಲಿ ಏಳುವ ವಾಯುವಿಗೂ ಈ ಕಥೆಗೂ ಸಂಬಂಧವಿದೆ. ಕಾಳಿನಲ್ಲಿರುವ ಕೆಲವು ಸಕ್ಕರೆಗಳನ್ನು ಜೀರ್ಣಿಸಿಕೊಳ್ಳುವ ಕಿಣ್ವ ಮನುಷ್ಯನಿಗಿಲ್ಲ. ಅವು ದೊಡ್ಡ ಕರುಳಿಗೆ ಇಳಿದು ಅಲ್ಲಿನ ಬ್ಯಾಕ್ಟೀರಿಯಾಗಳಿಗೆ ಆಹಾರವಾಗುತ್ತವೆ. ವಾಯು ಅದರ ಒಂದು ಫಲ, ಕರುಳಿನ ಒಳಪದರದ ಕೋಶಗಳನ್ನು ಪೋಷಿಸುವ ಬ್ಯುಟಿರಿಕ್ ಮುಂತಾದ ಆಮ್ಲಗಳು ಇನ್ನೊಂದು ಫಲ. ನಮ್ಮ ದೇಹದಲ್ಲಿ ನಮ್ಮದೇ ಕೋಶಗಳು ಸುಮಾರು 30 ಲಕ್ಷ ಕೋಟಿ, ಬ್ಯಾಕ್ಟೀರಿಯಾಗಳು ಸುಮಾರು 38 ಲಕ್ಷ ಕೋಟಿ ಎಂಬುದು 2016ರ ಅಂದಾಜು. ಬ್ಯಾಕ್ಟೀರಿಯಾಗಳು ಹತ್ತುಪಟ್ಟು ಹೆಚ್ಚು ಎಂದು ಹಿಂದೆ ಹೇಳುತ್ತಿದ್ದುದು ಉತ್ಪ್ರೇಕ್ಷೆಯೆಂದು ಅದು ತೋರಿಸಿತು. ಸಮಸಮವಾದ ಈ ಪಾಲುದಾರಿಕೆಯೇ ಸಾಕಷ್ಟು ಅಚ್ಚರಿಯದು. ತಾಯಿಯ ಹಾಲಿನಲ್ಲಿ ಮಗು ಜೀರ್ಣಿಸಿಕೊಳ್ಳಲಾಗದ ಸಕ್ಕರೆಗಳು ಗಣನೀಯ ಪ್ರಮಾಣದಲ್ಲಿವೆ. ಅವು ಇರುವುದು ಮಗುವಿನ ಕರುಳಿನ ಬಿಫಿಡೊಬ್ಯಾಕ್ಟೀರಿಯಾಗಳಿಗಾಗಿ. ತಾಯಿ ಉಣಿಸುವುದು ಮಗುವಿಗಷ್ಟೇ ಅಲ್ಲ, ಮಗುವಿನೊಳಗಿನ ನೆಂಟರಿಗೂ ಸಹ.

ಈ ನೆಂಟರು ಹಸಿದರೆ ಮಗು ಸೊರಗುತ್ತದೆ ಎಂಬುದಕ್ಕೆ ಸಾಕ್ಷ್ಯ ನಮ್ಮ ನೆರೆಯಲ್ಲೇ ದೊರೆತಿದೆ. ಢಾಕಾದ ಕೊಳೆಗೇರಿಯೊಂದರ ಅಪೌಷ್ಟಿಕ ಮಕ್ಕಳ ಮೇಲೆ ತಹ್ಮೀದ್ ಅಹ್ಮದ್, ಜೆಫ್ರಿ ಗಾರ್ಡನ್ ಮತ್ತು ಸಂಗಡಿಗರು ನಡೆಸಿದ ಅಧ್ಯಯನ 2021ರಲ್ಲಿ ಪ್ರಕಟವಾಯಿತು. ಕಡಲೆ ಹಿಟ್ಟು, ಸೋಯಾ, ನೆಲಗಡಲೆ ಮತ್ತು ಬಾಳೆಕಾಯಿಯಿಂದ ತಯಾರಿಸಿದ, ಕರುಳಿನ ಸೂಕ್ಷ್ಮಜೀವಿಗಳನ್ನು ದೃಷ್ಟಿಯಲ್ಲಿಟ್ಟುಕೊಂಡು ರೂಪಿಸಿದ ಆಹಾರವನ್ನು ಒಂದು ಗುಂಪಿಗೆ, ಪ್ರಚಲಿತ ಸಿದ್ಧ ಪೌಷ್ಟಿಕ ಆಹಾರವನ್ನು ಇನ್ನೊಂದು ಗುಂಪಿಗೆ ಮೂರು ತಿಂಗಳು ಕೊಡಲಾಯಿತು. ಮೊದಲನೆಯದರಲ್ಲಿ ಕ್ಯಾಲೊರಿ ಕಡಿಮೆಯಿದ್ದರೂ ಮಕ್ಕಳ ತೂಕದ ಬೆಳವಣಿಗೆ ಉತ್ತಮವಾಗಿತ್ತು. ಅಧ್ಯಯನ ಸಣ್ಣದು, ಅದನ್ನೇ ನಮ್ಮ ಅಂಗನವಾಡಿಗಳಲ್ಲಿ ನಕಲು ಮಾಡಬೇಕೆಂದು ಹೇಳುತ್ತಿಲ್ಲ. ಆದರೆ ಮಕ್ಕಳ ಆಹಾರವನ್ನು ಬರೀ ಕ್ಯಾಲೊರಿಯಲ್ಲಿ ಅಳೆಯುವ ನಮ್ಮ ರೂಢಿಯನ್ನು ಪ್ರಶ್ನಿಸಲು ಅಷ್ಟು ಸಾಕು.

ಇನ್ನು ಪ್ರತಿಜೀವಕಗಳ ವಿಚಾರ. ನೆಗಡಿಗೂ ಜ್ವರಕ್ಕೂ ಔಷಧದ ಅಂಗಡಿಯಿಂದ ನಾಲ್ಕು ಮಾತ್ರೆ ತಂದು ನುಂಗುವ ಅಭ್ಯಾಸ ವಿದ್ಯಾವಂತರಲ್ಲೂ ಇದೆ. ವೈರಸ್‌ನಿಂದ ಬರುವ ನೆಗಡಿಗೆ ಅದು ಏನನ್ನೂ ಮಾಡದು. ಕರುಳಿನಲ್ಲಿ ಮಾತ್ರ ಮಿತ್ರ-ಶತ್ರು ಎಂಬ ಭೇದವಿಲ್ಲದೆ ಹರಡಿ ಕೊಲ್ಲುತ್ತದೆ. ಖಾಲಿಯಾದ ಜಾಗಕ್ಕೆ ಕೆಲವೊಮ್ಮೆ ಕ್ಲಾಸ್ಟ್ರಿಡಿಯಂ ಡಿಫಿಸಿಲ್‌ನಂಥ ದುಷ್ಟರು ಬಂದು ಕೂರುತ್ತಾರೆ, ಬಿಡದ ಭೇದಿ ಶುರುವಾಗುತ್ತದೆ. 2013ರಲ್ಲಿ ಪ್ರಕಟವಾದ ಡಚ್ ವೈದ್ಯರ ಪ್ರಯೋಗದಲ್ಲಿ, ಮರುಕಳಿಸುವ ಈ ರೋಗಕ್ಕೆ ಆರೋಗ್ಯವಂತರ ಮಲದ ದ್ರಾವಣವನ್ನು ಕರುಳಿಗೆ ಸೇರಿಸಿದಾಗ ಮೊದಲ ಬಾರಿಗೇ 16 ಮಂದಿಯಲ್ಲಿ 13 ಮಂದಿ ಗುಣಮುಖರಾದರು. ಪ್ರತಿಜೀವಕ ಮಾತ್ರ ಪಡೆದ 13 ಮಂದಿಯಲ್ಲಿ ಗುಣವಾದವರು ನಾಲ್ವರು. ಕೇಳಲು ಅಸಹ್ಯವೆನಿಸುವ ಈ ಚಿಕಿತ್ಸೆ, ಹಸುವಿಗೆ ಮಾಡುತ್ತಿದ್ದ ಉಪಾಯದ ಮಾನವ ರೂಪವೇ ಆಗಿದೆ.

ಹೀಗೆಂದು ಸೂಕ್ಷ್ಮಜೀವಿಗಳನ್ನು ಪೂಜಿಸಲು ಹೊರಡುವುದೂ ಅಪಾಯ. ನ್ಯುಮೋನಿಯಾ, ಕ್ಷಯ, ರಕ್ತದ ನಂಜುಗಳಿಗೆ ಪ್ರತಿಜೀವಕವೇ ಗತಿ. ಅದನ್ನು ನಿರಾಕರಿಸುವುದು ಮೂರ್ಖತನ. ಇನ್ನೊಂದೆಡೆ, ‘ಒಳ್ಳೆಯ ಬ್ಯಾಕ್ಟೀರಿಯಾ’ಗಳನ್ನು ಬಾಟಲಿಯಲ್ಲಿ ತುಂಬಿ ಮಾರುವ ಜಾಹೀರಾತುಗಳ ಭರಾಟೆ ನಡೆದಿದೆ. ಇಸ್ರೇಲಿನ ವೈಜ್‌ಮನ್ ಸಂಸ್ಥೆಯ ವಿಜ್ಞಾನಿಗಳು 2018ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಪ್ರತಿಜೀವಕದ ನಂತರ ಇಂಥ ಪ್ರೊಬಯಾಟಿಕ್ ಸೇವಿಸಿದವರ ಕರುಳಿನಲ್ಲಿ ಅವರದೇ ಮೂಲ ಸೂಕ್ಷ್ಮಜೀವಿ ಸಮುದಾಯ ಮರಳಿ ನೆಲೆಗೊಳ್ಳುವುದು ತಡವಾಯಿತು. ಪಾಲುದಾರನನ್ನು ಅಂಗಡಿಯಿಂದ ತರುವುದಕ್ಕಿಂತ ಇರುವವನನ್ನು ಓಡಿಸದಿರುವುದು ಲೇಸು.

ಹಾಗಾದರೆ ಮಾಡಬೇಕಾದ್ದೇನು? ಮೊದಲನೆಯದಾಗಿ, ಕೃಷಿಯಲ್ಲಿ. ಯೂರಿಯಾ ಸಹಾಯಧನವನ್ನು ಒಂದೇ ಏಟಿಗೆ ಕಿತ್ತುಹಾಕಿದರೆ ಸಣ್ಣ ರೈತ ನೆಲಕಚ್ಚುತ್ತಾನೆ. ಆದರೆ ಯೂರಿಯಾ ಚೀಲಕ್ಕೆ ಕೊಡುವ ನೆರವಿನ ಒಂದು ಪಾಲನ್ನು, ಬೆಳೆ ಸರದಿಯಲ್ಲಿ ಅಥವಾ ಅಕ್ಕಡಿಯಾಗಿ ದ್ವಿದಳ ಧಾನ್ಯ ಬೆಳೆಯುವ ರೈತನಿಗೆ ಎಕರೆವಾರು ಕೊಡಲು ಏನಡ್ಡಿ? ಬೇಳೆಕಾಳುಗಳ ಉತ್ಪಾದನೆಯಲ್ಲೂ ಬಳಕೆಯಲ್ಲೂ ಜಗತ್ತಿಗೇ ಮುಂದಿರುವ ಭಾರತ ಅವುಗಳನ್ನು ಆಮದು ಮಾಡಿಕೊಳ್ಳುವುದನ್ನು ನಿಲ್ಲಿಸಲಾಗಿಲ್ಲ. 2025ರ ಕೇಂದ್ರ ಬಜೆಟ್ ತೊಗರಿ, ಉದ್ದು, ಮಸೂರಗಳಲ್ಲಿ ಸ್ವಾವಲಂಬನೆಗಾಗಿ ಆರು ವರ್ಷಗಳ ಯೋಜನೆಯನ್ನು ಪ್ರಕಟಿಸಿತು. ಬೆಂಬಲ ಬೆಲೆಯ ಖರೀದಿ ಕೇಂದ್ರಗಳು ಕೊಯ್ಲಿಗೆ ಮುನ್ನವೇ ತೆರೆಯದಿದ್ದರೆ ಕಲಬುರಗಿಯ ತೊಗರಿ ಬೆಳೆಗಾರನಿಗೆ ಈ ಘೋಷಣೆಯಿಂದ ಪ್ರಯೋಜನವಾಗದು.

ಎರಡನೆಯದಾಗಿ, ಬೀಜೋಪಚಾರಕ್ಕೆ ಮಾರುವ ರೈಜೋಬಿಯಂ ಪೊಟ್ಟಣಗಳ ಗುಣಮಟ್ಟ. ಜೈವಿಕ ಗೊಬ್ಬರಗಳನ್ನು 2006ರಲ್ಲೇ ರಸಗೊಬ್ಬರ ನಿಯಂತ್ರಣ ಆದೇಶದ ವ್ಯಾಪ್ತಿಗೆ ತರಲಾಗಿದೆ. ಗ್ರಾಂ ಒಂದಕ್ಕೆ ಕನಿಷ್ಠ 5 ಕೋಟಿ ಜೀವಂತ ಬ್ಯಾಕ್ಟೀರಿಯಾ ಇರಬೇಕೆಂಬ ಮಾನದಂಡವೂ ಇದೆ. ಆದರೆ ಬೇಸಗೆಯಲ್ಲಿ ತಗಡಿನ ಮಾಡಿನಡಿ ತಿಂಗಳುಗಟ್ಟಲೆ ಬಿದ್ದ ಪೊಟ್ಟಣದಲ್ಲಿ ಉಳಿಯುವುದು ಕರಿಪುಡಿ ಮಾತ್ರ. ಅದನ್ನು ಬಳಸಿ ಫಲ ಕಾಣದ ರೈತ ಮತ್ತೆ ಅದರತ್ತ ತಿರುಗುವುದಿಲ್ಲ. ಸಿಮೆಂಟಿನಂತೆ ದಾಸ್ತಾನು ಮಾಡುವ ಸರಕಲ್ಲ ಇದು, ಹಾಲಿನಂತೆ ಸಾಗಿಸಬೇಕಾದ್ದು. ಹಳ್ಳಿಹಳ್ಳಿಯಿಂದ ಹಾಲು ಕೆಡದಂತೆ ತರಬಲ್ಲ ನಾಡಿಗೆ ಈ ಪೊಟ್ಟಣವನ್ನು ಹಳ್ಳಿಗೆ ತಲುಪಿಸುವುದು ಅಸಾಧ್ಯವೇ?

ಮೂರನೆಯದಾಗಿ, ಪ್ರತಿಜೀವಕಗಳ ಬಳಕೆ. ಪ್ರಮುಖ ಪ್ರತಿಜೀವಕಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದು, ಮಾರಿದ್ದಕ್ಕೆ ದಾಖಲೆ ಇಡಬೇಕು ಎಂಬ ನಿಯಮ 2014ರಿಂದ ಜಾರಿಯಲ್ಲಿದೆ. ಕೋಳಿ, ದನಗಳ ಸಾಕಣೆಯಲ್ಲಿ ಕೊಲಿಸ್ಟಿನ್ ಬಳಕೆಯನ್ನು 2019ರಲ್ಲಿ ನಿಷೇಧಿಸಲಾಗಿದೆ. ಕಾನೂನಿಗೆ ಕೊರತೆಯಿಲ್ಲ, ಅದನ್ನು ಪಾಲಿಸುವ ಮನಸ್ಸಿಗೆ ಕೊರತೆ. ಚೀಟಿ ಕೇಳುವ ಅಂಗಡಿಯವನ ಮೇಲೆ ಸಿಡುಕುವ ಗ್ರಾಹಕರು ನಾವೇ. ‘ಏನಾದರೂ ಸ್ಟ್ರಾಂಗ್ ಆಗಿ ಬರೆದುಕೊಡಿ ಡಾಕ್ಟ್ರೇ’ ಎಂದು ಒತ್ತಾಯಿಸುವವರೂ ನಾವೇ.

ಕಣ್ಣಿಗೆ ಕಾಣುವ ಚೀಲಕ್ಕೆ, ಮಾತ್ರೆಗೆ ಬೆಲೆ ಕಟ್ಟುತ್ತೇವೆ. ಕಣ್ಣಿಗೆ ಕಾಣದೆ ಆ ಕೆಲಸವನ್ನೇ ಮಾಡುತ್ತಿರುವವರನ್ನು ಲೆಕ್ಕದ ಪುಸ್ತಕದಿಂದ ಹೊರಗಿಟ್ಟಿದ್ದೇವೆ. ಅವರು ಮುಷ್ಕರ ಹೂಡುವುದಿಲ್ಲ, ಮನವಿಪತ್ರ ಸಲ್ಲಿಸುವುದಿಲ್ಲ, ಮೌನವಾಗಿ ಹೊರಟುಹೋಗುತ್ತಾರೆ. ಅವರು ಹೋದದ್ದು ತಿಳಿಯುವುದು ಬಿಲ್ಲು ಬಂದಾಗ ಮಾತ್ರ. ಈ ಬಾರಿ ಹೊಲದ ಕಡೆ ಹೋದವರು ಅವರೆ ಗಿಡವೊಂದನ್ನು ಕಿತ್ತು ಗಂಟು ಸೀಳಿ ನೋಡಲಿ. ಒಳಗೆ ಇನ್ನೂ ಕೆಂಪಾಗಿದ್ದರೆ, ಆ ಮಟ್ಟಿಗೆ ಹೊಲವೂ ನಾವೂ ಕ್ಷೇಮ.